ಚೌಕಟ್ಟಿನೊಳಗಿನ ಇನ್ನೊಂದು ಮಗು

ಕಬಡ್ಡಿ ಅಂಕಣದಲ್ಲಿ ರೈಡ್‌ಗೆ ಹೋದ ಹುಡುಗಿಯನ್ನು ಎದುರಾಳಿ ತಂಡದವರು ಹಿಡಿದು ಕೆಡವಿದ್ದಾರೆ. ಒಬ್ಬಳು ಪಾದದ ಗಿಣ್ಣು ಬಿಟ್ಟಿಲ್ಲ, ಇನ್ನಿಬ್ಬರು ಸೊಂಟ ಹಿಡಿದಿದ್ದಾರೆ. ಕೆಳಗೆ ಸಿಕ್ಕವಳ ಟೀ ಶರ್ಟು ಮೇಲಕ್ಕೆ ಸರಿದಿದೆ, ಗಲ್ಲಕ್ಕೆ ಮಣ್ಣು ಮೆತ್ತಿದೆ, ಚಾಚಿದ ಬೆರಳು ನಡುಗೆರೆಗೆ ಇನ್ನೊಂದು ಗೇಣು ಇರುವಾಗ ನಿಂತುಹೋಗಿದೆ. ಗಿಣ್ಣು ಹಿಡಿದವಳ ಅಪ್ಪನ ಮೊಬೈಲಿಗೆ ಆ ಕ್ಷಣ ಸಿಕ್ಕಿದೆ. ಆಟ ಮುಗಿಯುವ ಮೊದಲೇ ಅದು ಪೋಷಕರ ವಾಟ್ಸ್‌ಆ್ಯಪ್ ಗ್ರೂಪಿಗೂ ಅವರ ಸ್ಟೇಟಸ್‌ಗೂ ಹೋಗುತ್ತದೆ. ಅಲ್ಲಿಂದ ನೆಂಟರ ಗ್ರೂಪಿಗೆ, ಬಡಾವಣೆಯ ಗ್ರೂಪಿಗೆ. ಈ ತಂದೆಯಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇಲ್ಲ. ಮಗಳ ಮೇಲಿನ ಅಭಿಮಾನದಿಂದ ತೆಗೆದ ಫೋಟೊ ಅದು. ಆದರೆ ಚೌಕಟ್ಟಿನ ನಡುಮಧ್ಯದಲ್ಲಿ ಇರುವುದು ಅವನ ಮಗಳಲ್ಲ, ಯಾರದೋ ಮಗಳು. ಅವಳ ಜೆರ್ಸಿಯ ಮೇಲೆ ಶಾಲೆಯ ಹೆಸರಿದೆ, ಮುಖ ಸ್ಪಷ್ಟವಾಗಿದೆ, ಅವಳನ್ನು ಯಾರೂ ಒಂದು ಮಾತು ಕೇಳಿಲ್ಲ. ಮಕ್ಕಳ ಪಂದ್ಯಗಳಲ್ಲಿ ಪೋಷಕರು ಹೇಗೆ ಫೋಟೊ ತೆಗೆಯಬೇಕು ಎಂಬ ಚರ್ಚೆ ಸಾಮಾನ್ಯವಾಗಿ ಶುರುವಾಗುವುದು ಗೆದ್ದ ಮಗುವಿನಿಂದ. ಅದು ಶುರುವಾಗಬೇಕಾದದ್ದು ಈ ಬಿದ್ದ ಹುಡುಗಿಯಿಂದ ಎಂಬುದು ನನ್ನ ವಾದ. ತಂಡದ ಆಟದಲ್ಲಿ ಒಂದು ಮಗುವಿನ ಗೆಲುವನ್ನು ಹಿಡಿದ ಫೋಟೊ ಬಹುಪಾಲು ಇನ್ನೊಂದು ಮಗುವಿನ ಸೋಲನ್ನೂ ಹಿಡಿದಿರುತ್ತದೆ. ಕ್ಲೀನ್ ಬೌಲ್ಡ್ ಆದವನಿಲ್ಲದೆ ವಿಕೆಟ್ ಕಿತ್ತವನ ಚಿತ್ರವಿಲ್ಲ.

ನಮ್ಮಲ್ಲಿ ಶಿಷ್ಟಾಚಾರ ಅಂತ ಈಗಾಗಲೇ ಇರುವುದು ಬಹುಮಟ್ಟಿಗೆ ಆಟಕ್ಕೆ ಅಡ್ಡಿಯಾಗದಿರುವ ನಿಯಮಗಳು. ಅವನ್ನು ಹಗುರವಾಗಿ ನೋಡುವಂತಿಲ್ಲ, ಪ್ರತಿಯೊಂದರ ಹಿಂದೆಯೂ ಗಟ್ಟಿ ಕಾರಣವಿದೆ. ಈಜು ಸ್ಪರ್ಧೆಯಲ್ಲಿ ದೀರ್ಘ ಸೀಟಿ ಊದಿದ ಮೇಲೆ ಮಕ್ಕಳು ಬ್ಲಾಕ್ ಹತ್ತಿ ಬಾಗಿ ನಿಂತಾಗ ಕೊಳದ ಸುತ್ತ ಉಸಿರೂ ಕೇಳದಷ್ಟು ಮೌನವಿರುತ್ತದೆ. ಆರಂಭದ ಸಾಧನ ಸದ್ದಿನ ಜೊತೆಗೆ ಬೆಳಕನ್ನೂ ಮಿಂಚಿಸುತ್ತದೆ. ಕಿವಿ ಕೇಳದ ಈಜುಗಾರರು ನೆಗೆಯುವುದು ಆ ಬೆಳಕನ್ನು ನೋಡಿ, ಸ್ಟಾಪ್‌ವಾಚ್ ಹಿಡಿದವರು ಗುಂಡಿ ಒತ್ತುವುದೂ ಅದನ್ನು ನೋಡಿಯೇ. ಆ ಹೊತ್ತಿನಲ್ಲಿ ಗ್ಯಾಲರಿಯಿಂದ ಒಂದು ಫ್ಲ್ಯಾಶ್ ಹೊಡೆದರೆ ಮಗು ಸಂಕೇತಕ್ಕೆ ಮುಂಚೆಯೇ ನೀರಿಗೆ ಬಿದ್ದು ಸ್ಪರ್ಧೆಯಿಂದಲೇ ಹೊರಬೀಳಬಹುದು. ಬ್ಯಾಡ್ಮಿಂಟನ್‌ನಲ್ಲಿ ಮೇಲಿಂದ ಇಳಿಯುವ ಷಟಲ್ ನೋಡುತ್ತಿರುವ ಕಣ್ಣಿಗೆ ಫ್ಲ್ಯಾಶ್ ಕುಕ್ಕಿದರೆ ಆ ಅಂಕ ಹೋದಂತೆಯೇ. ಕ್ರಿಕೆಟ್‌ನಲ್ಲಿ ಬೌಲರ್‌ನ ಬೆನ್ನ ಹಿಂದೆ ಯಾರೂ ಓಡಾಡಬಾರದು. ಶಾಲೆಯ ಮೈದಾನಗಳಲ್ಲಿ ಎಷ್ಟೋ ಕಡೆ ಸೈಟ್ ಸ್ಕ್ರೀನೇ ಇರುವುದಿಲ್ಲ, ಮ್ಯಾಟಿಂಗ್ ವಿಕೆಟ್ ಮೇಲೆ ನಿಂತ ಹನ್ನೆರಡರ ಹುಡುಗ ಕಾಂಪೌಂಡ್ ಗೋಡೆಯ ಬಣ್ಣದಲ್ಲೇ ಚೆಂಡನ್ನು ಹುಡುಕುತ್ತಿರುತ್ತಾನೆ. ಅಲ್ಲಿಗೆ ಕೆಂಪು ಅಂಗಿಯ ಒಬ್ಬ ಪೋಷಕ ಫೋನು ಎತ್ತಿಕೊಂಡು ಬಂದರೆ ಹುಡುಗ ಕೈ ಎತ್ತಿ ಆಟ ನಿಲ್ಲಿಸಬೇಕು. ಎಷ್ಟೋ ಮಕ್ಕಳು ದೊಡ್ಡವರನ್ನು ಸರಿಯಿರಿ ಎನ್ನಲು ಅಂಜಿ ಹಾಗೇ ಆಡಿಬಿಡುತ್ತಾರೆ. ಈ ನಿಯಮಗಳೆಲ್ಲ ಗೊತ್ತಿದ್ದೂ ಜನ ಗೆರೆ ದಾಟುವುದಕ್ಕೆ ಅವಿವೇಕಕ್ಕಿಂತ ಹೆಚ್ಚಾಗಿ ಫೋನಿನ ಲೆನ್ಸೇ ಕಾರಣ ಎಂದು ನನಗೆ ಅನಿಸುತ್ತದೆ. ಪತ್ರಿಕೆಯ ಕ್ರೀಡಾ ಛಾಯಾಗ್ರಾಹಕರು 300, 400 ಮಿಲಿಮೀಟರಿನ ಲೆನ್ಸ್ ಹಿಡಿದು ದೂರದಲ್ಲಿ ಕೂರುತ್ತಾರೆ. ಮೊಬೈಲಿನ ಮುಖ್ಯ ಕ್ಯಾಮೆರಾ ಅಗಲ ನೋಟದ್ದು, ಗ್ಯಾಲರಿಯಿಂದ ತೆಗೆದರೆ ಮಗು ಕಡಲೆಕಾಳಿನಷ್ಟು ಕಾಣುತ್ತದೆ. ಹಾಗಾಗಿ ಪೋಷಕರು ಒಂದೊಂದೇ ಹೆಜ್ಜೆ ಮುಂದಿಡುತ್ತ ಕೊನೆಗೆ ಖೊ ಖೊ ಕಂಬದ ಪಕ್ಕಕ್ಕೇ ಬಂದು ನಿಲ್ಲುತ್ತಾರೆ. ಓಡಿಬಂದ ಮಗು ಕಂಬ ಹಿಡಿದು ತಿರುಗುವ ಜಾಗ ಅದು. ಫೋಟೊ ಎಷ್ಟೇ ಕೆಟ್ಟದಾಗಿ ಬರಲಿ, ಆ ಜಾಗ ಮಗುವಿಗೆ ಬಿಟ್ಟದ್ದು.

ಮಕ್ಕಳ ಆಟದ ಫೋಟೊಗಳ ಬಗ್ಗೆ ಹೆಚ್ಚು ವ್ಯವಸ್ಥಿತವಾಗಿ ಯೋಚಿಸಿರುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿ ಎನ್‌ಎಸ್‌ಪಿಸಿಸಿ ಎಂಬ ಮಕ್ಕಳ ರಕ್ಷಣಾ ಸಂಸ್ಥೆಯ ಆಶ್ರಯದಲ್ಲಿ ಕ್ರೀಡೆಗೆಂದೇ ಒಂದು ಘಟಕ 2001ರಿಂದ ಕೆಲಸ ಮಾಡುತ್ತಿದೆ. ಪೋಷಕರು ಫೋಟೊ ತೆಗೆಯಲೇಬಾರದು ಎಂದು ಅದು ಹೇಳುವುದಿಲ್ಲ. ಫೋಟೊ ಹಾಕಿದರೆ ಮಗುವಿನ ಪೂರ್ತಿ ಹೆಸರು ಜೊತೆಗಿರದಿರಲಿ, ಬಟ್ಟೆ ಬದಲಿಸುವ ಕೋಣೆಯ ಹತ್ತಿರ ಕ್ಯಾಮೆರಾ ಬರದಿರಲಿ, ಮಗುವಿಗೂ ಪೋಷಕರಿಗೂ ಬೇಡ ಎನ್ನುವ ದಾರಿ ಇರಲಿ ಎಂಬುದು ಅದರ ತಿರುಳು. ಇದರಲ್ಲಿ ನಾವು ಕಲಿಯಬೇಕಾದದ್ದು ಬಹಳ ಇದೆ. ಶಾಲೆಯ ಹೆಸರಿರುವ ಜೆರ್ಸಿ, ಮಗುವಿನ ಹೆಸರು, ಅಭ್ಯಾಸದ ಕೊಳ ಎಲ್ಲಿದೆ ಎಂಬ ವಿವರ, ಈ ಮೂರೂ ಒಂದೇ ಪೋಸ್ಟಿನಲ್ಲಿ ಸೇರಿದರೆ ಅಪರಿಚಿತನೊಬ್ಬನಿಗೆ ಮಗುವಿನ ದಿನಚರಿಯನ್ನೇ ಬರೆದುಕೊಟ್ಟಂತೆ. ಆದರೆ ಆ ಮಾದರಿಯಲ್ಲಿ ಒಂದು ಕೊರತೆಯೂ ಇದೆ. ಅದರ ಕಣ್ಣು ಹೆಚ್ಚಾಗಿ ಇರುವುದು ಹೊರಗಿನಿಂದ ಬರುವ ಕೇಡುಗನ ಮೇಲೆ. ಮಗುವಿಗೆ ನೋವಾಗುವುದು ಅಪರಿಚಿತರಿಂದ ಮಾತ್ರವಲ್ಲ. ಸೋತು ಅಳುತ್ತಿರುವ ತನ್ನ ಮುಖ ಮರುದಿನ ತರಗತಿಯ ಹುಡುಗರ ಕೈಯಲ್ಲಿ ಸ್ಟಿಕ್ಕರ್ ಆಗಿ ಓಡಾಡುವುದನ್ನು ಕಂಡ ಮಗುವಿಗೆ ಕೇಡು ಬಂದದ್ದು ಪರಿಚಿತರಿಂದಲೇ. ಅಪಾಯ ತಪ್ಪಿಸುವುದಕ್ಕೆ ನಿಯಮಪಟ್ಟಿ ಸಾಕಾಗಬಹುದು. ಮರ್ಯಾದೆ ಕಾಯುವುದಕ್ಕೆ ಫೋನು ಹಿಡಿದವರ ಮನಸ್ಸೇ ಬೇಕು.

ಕಾನೂನು ಇದನ್ನು ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮಕ್ಕಳ ಮಾತನ್ನು ಪ್ರತ್ಯೇಕವಾಗಿ ಎತ್ತಿ, ಎಳೆತನದ ತಪ್ಪುಗಳ ಡಿಜಿಟಲ್ ಗುರುತು ಅವರನ್ನು ಬದುಕಿಡೀ ಬೆನ್ನಟ್ಟುವಂತೆ ಆಗಬಾರದು ಎಂಬ ಕಾಳಜಿ ತೋರಿದ್ದರು. ಆಮೇಲೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದು ಎಣಿಸಿ, ಅವರ ಮಾಹಿತಿ ಬಳಸುವ ಮೊದಲು ಪೋಷಕರ ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳಬೇಕು ಎನ್ನುತ್ತದೆ. ಶಾಲೆಗೂ ಅಕಾಡೆಮಿಗೂ ಇದು ಮುಖ್ಯ. ಆದರೆ ಒಬ್ಬ ವ್ಯಕ್ತಿ ಸ್ವಂತಕ್ಕೋ ಮನೆಯ ಬಳಕೆಗೋ ಮಾಡುವ ಕೆಲಸವನ್ನು ಆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಹಾಗೆ ಹೊರಗಿಟ್ಟದ್ದು ಸರಿಯೂ ಹೌದು, ಮನೆಯ ಆಲ್ಬಮ್ಮಿಗೆ ಸರ್ಕಾರ ಕೈ ಹಾಕಬಾರದು. ಅಶ್ಲೀಲ ಉದ್ದೇಶದ ಚಿತ್ರಗಳಿಗೆ 2012ರ ಪೋಕ್ಸೊ ಕಾಯ್ದೆ ಇದೆ. ಇವೆರಡರ ನಡುವೆ ಉಳಿದದ್ದು ದೊಡ್ಡ ಬಯಲು. ಮಕ್ಕಳ ಪಂದ್ಯದಲ್ಲಿ ತೆಗೆಯುವ ಫೋಟೊಗಳೆಲ್ಲ ಬಹುಪಾಲು ಆ ಬಯಲಿನಲ್ಲೇ ಇವೆ, ಅಲ್ಲಿ ಕಾಯುವುದಕ್ಕೆ ನಮ್ಮ ನಡವಳಿಕೆ ಬಿಟ್ಟರೆ ಬೇರೇನೂ ಇಲ್ಲ.

ಮೈದಾನ ಸಾರ್ವಜನಿಕ ಜಾಗ, ಪತ್ರಿಕೆಯವರೂ ತೆಗೆಯುತ್ತಾರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕನ್ನಡ ನಾಡಿನಲ್ಲಿ ಇದನ್ನು ಇನ್ನೂ ಬಲವಾಗಿ ಹೇಳಬಹುದು. ಮೈಸೂರಿನ ಟಿ.ಎಸ್. ಸತ್ಯನ್ ಬೀದಿಯಲ್ಲಿ, ಶಾಲೆಯಲ್ಲಿ, ಆಟದಲ್ಲಿ ಕಂಡ ಮಕ್ಕಳನ್ನು ತೆಗೆದ ಕಪ್ಪುಬಿಳುಪಿನ ಚಿತ್ರಗಳು ನಮ್ಮ ಛಾಯಾಗ್ರಹಣದ ಹೆಮ್ಮೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಯುನಿಸೆಫ್ ಅವನ್ನು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿಸಿತು. ಈಗಿನ ಎಚ್ಚರಿಕೆಯೆಲ್ಲ ಆಗಲೇ ಇದ್ದಿದ್ದರೆ ಆ ಚಿತ್ರಗಳು ಎಲ್ಲಿರುತ್ತಿದ್ದವು ಎಂದು ಯಾರಾದರೂ ಕೇಳಿದರೆ ಉತ್ತರಿಸಲೇಬೇಕು. ನಾನು ಕಾಣುವ ವ್ಯತ್ಯಾಸ ಹೀಗಿದೆ. ರೋಲಿನಲ್ಲಿ ಮೂವತ್ತಾರೇ ಚಿತ್ರಗಳಿದ್ದಾಗ ಗುಂಡಿ ಒತ್ತುವ ಮೊದಲು ಆಯ್ಕೆ ನಡೆಯುತ್ತಿತ್ತು, ತೊಳೆದ ಮೇಲೆ ಇನ್ನೊಂದು ಆಯ್ಕೆ, ಸಂಪಾದಕರ ಮೇಜಿನ ಮೇಲೆ ಮತ್ತೊಂದು. ಮೂರು ಜರಡಿ ದಾಟಿ ಬಂದ ಚಿತ್ರದಲ್ಲಿ ಮಗುವಿನ ಬಗ್ಗೆ ಒಂದು ಗೌರವ ಉಳಿದಿರುತ್ತಿತ್ತು. ಮೊಬೈಲು ಸೆಕೆಂಡಿಗೆ ಹತ್ತರಂತೆ ಚಿತ್ರ ಹಿಡಿಯುತ್ತದೆ, ಅವುಗಳಲ್ಲಿ ಜಾರಿದ ಬಟ್ಟೆ, ತೆರೆದ ಬಾಯಿ, ಮೂಗಿನ ಸಿಂಬಳ ಎಲ್ಲವೂ ಇರುತ್ತವೆ, ಮನೆಗೆ ಹೋಗಿ ಆರಿಸುವ ತಾಳ್ಮೆ ಮಾತ್ರ ಯಾರಿಗೂ ಇರುವುದಿಲ್ಲ. ಇಡೀ ಕಟ್ಟು ಗ್ರೂಪಿಗೆ ಹೋಗುತ್ತದೆ. ಒಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಾವಿರದ ಇಪ್ಪತ್ತನಾಲ್ಕು ಜನ ಇರಬಹುದು, ಒಬ್ಬರು ಇಳಿಸಿಕೊಂಡು ಫಾರ್ವರ್ಡ್ ಮಾಡಿದ್ದನ್ನು ಕಳಿಸಿದವರು ಅಳಿಸಲಾರರು. ಸತ್ಯನ್ ಅವರ ಹಾದಿಯಲ್ಲಿ ನಡೆಯಬೇಕೆನ್ನುವವರು ಅವರ ಆಯ್ಕೆಯ ಶಿಸ್ತನ್ನೂ ಜೊತೆಗೆ ತೆಗೆದುಕೊಳ್ಳಬೇಕು.

ಎರಡನೆಯ ಆಕ್ಷೇಪ ಇದಕ್ಕಿಂತ ಆಳದ್ದು, ಅದನ್ನು ಎತ್ತುವವರ ಮೇಲೆ ನನಗೆ ಗೌರವವಿದೆ. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವ ಕರಾವಳಿಯ ತಂದೆಗೆ ಮಗನ ರಿಲೇ ಓಟ ಕಾಣುವುದು ಫೋನಿನಲ್ಲೇ. ತಾಲ್ಲೂಕು ಮಟ್ಟಕ್ಕೆ ಗೆದ್ದು ಬಂದ ಹುಡುಗಿಯ ಫೋಟೊ ನೋಡಿ ಅದೇ ಹಳ್ಳಿಯ ಇನ್ನಿಬ್ಬರು ಹುಡುಗಿಯರು ಮೈದಾನಕ್ಕೆ ಇಳಿದಾರು. ತರಬೇತುದಾರರಿಗೆ ಸ್ಟ್ರೋಕ್ ತಿದ್ದಲು ವಿಡಿಯೊ ಬೇಕು. ಇವೆಲ್ಲ ನಿಜ, ಫೋಟೊ ತೆಗೆಯುವುದೇ ತಪ್ಪೆಂದು ನಾನು ಹೇಳುತ್ತಲೂ ಇಲ್ಲ. ಆದರೆ ಹುಡುಗಿಯರ ಉದಾಹರಣೆಯನ್ನು ಇನ್ನೊಂದು ಬದಿಯಿಂದಲೂ ನೋಡಬೇಕು. ಚಡ್ಡಿ ತೊಟ್ಟು ಕಬಡ್ಡಿ ಆಡಲು ಮನೆಯವರ ಒಪ್ಪಿಗೆಯನ್ನು ಪಾಡುಪಟ್ಟು ಪಡೆದ ಹುಡುಗಿಯ ಒಂದು ಅಡ್ಡಾದಿಡ್ಡಿ ಕೋನದ ಫೋಟೊ ದೂರದ ನೆಂಟರ ಫೋನಿಗೆ ತಲುಪಿ, ಅಲ್ಲಿಂದ ಒಂದು ಕೊಂಕು ಮಾತು ತಿರುಗಿ ಬಂದರೆ ಅವಳ ಆಟ ಅಲ್ಲಿಗೇ ನಿಲ್ಲಬಹುದು. ಪಕ್ಕದ ಹುಡುಗಿಯರನ್ನು ಮೈದಾನಕ್ಕೆ ಕರೆತರುವ ಫೋಟೊವೂ ಅವಳನ್ನು ಮೈದಾನದಿಂದ ಹೊರಗಟ್ಟುವ ಫೋಟೊವೂ ಒಂದೇ ಪಂದ್ಯದ ಒಂದೇ ನಿಮಿಷದಲ್ಲಿ ತೆಗೆದವಾಗಿರಬಹುದು. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜರ್ಮನಿಯ ಜಿಮ್ನಾಸ್ಟ್‌ಗಳು ಕಣಕಾಲಿನವರೆಗೆ ಮುಚ್ಚುವ ಉಡುಪು ತೊಟ್ಟು ಬಂದದ್ದು ಕ್ರೀಡೆಯಲ್ಲಿ ಹೆಣ್ಣಿನ ದೇಹವನ್ನು ನೋಡುವ ರೀತಿಗೆ ಪ್ರತಿಭಟನೆಯಾಗಿ. ಅವರು ಬೆಳೆದ ಹೆಂಗಸರು, ತಮ್ಮ ಉಡುಪನ್ನು ತಾವೇ ಆರಿಸಿಕೊಂಡರು. ಹತ್ತು ವರ್ಷದ ಈಜುಗಾರ್ತಿಗೆ ಅಂಥ ಆಯ್ಕೆ ಇಲ್ಲ. ಅವಳ ಪರವಾಗಿ ಕೋನವನ್ನು ಆರಿಸಬೇಕಾದವರು ದೊಡ್ಡವರು.

ನೆನಪಿಗಾಗಿ ತೆಗೆಯುತ್ತೇವೆ ಎಂಬ ಮಾತಿಗೂ ಸ್ವಲ್ಪ ಪರೀಕ್ಷೆ ಬೇಕು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದಲ್ಲಿ ಫೋಟೊ ತೆಗೆದ ವಸ್ತುಗಳು ಬರಿಗಣ್ಣಿನಿಂದ ನೋಡಿದವುಗಳಿಗಿಂತ ಕಡಿಮೆ ನೆನಪಿನಲ್ಲಿ ಉಳಿದಿದ್ದವು. ಇದನ್ನಷ್ಟೇ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ, ಏಕೆಂದರೆ 2017ರಲ್ಲಿ ಬೇರೆ ಸಂಶೋಧಕರು ತಾವಾಗಿ ಇಷ್ಟಪಟ್ಟು ಫೋಟೊ ತೆಗೆದವರಿಗೆ ಕಂಡದ್ದು ಚೆನ್ನಾಗಿಯೇ ನೆನಪಿರುತ್ತದೆ, ಕೇಳಿಸಿದ್ದು ಮಾತ್ರ ಮರೆಯುತ್ತದೆ ಎಂದು ತೋರಿಸಿದರು. ಮಕ್ಕಳ ಆಟದ ವಿಷಯದಲ್ಲಿ ನನಗೆ ಈ ಎರಡನೆಯದೇ ಹೆಚ್ಚು ತಟ್ಟುತ್ತದೆ. ಮೈದಾನದಲ್ಲಿ ಎಷ್ಟೋ ಸಂಗತಿಗಳು ಇರುವುದು ಸದ್ದಿನಲ್ಲಿ: ‘ಖೋ’ ಎಂದು ಬೆನ್ನು ಮುಟ್ಟಿದ ಕೂಗು, ಉಸಿರು ಕಟ್ಟಿ ಹೇಳುವ ಕಬಡ್ಡಿ ಕಬಡ್ಡಿ, ಕ್ಯಾಚ್ ಬಿಟ್ಟ ಗೆಳೆಯನಿಗೆ ‘ಪರ್ವಾಗಿಲ್ಲ ಬಿಡೋ’ ಎಂದ ನಾಯಕನ ದನಿ. ಮಗನ ಸ್ವಭಾವ ಕಾಣಬೇಕಾದರೆ ಅವನ ಕವರ್ ಡ್ರೈವಿಗಿಂತ ಆ ಒಂದು ಮಾತು ಸಾಕು, ಅದು ಯಾವ ಫೋಟೊದಲ್ಲೂ ಬರುವುದಿಲ್ಲ. ಇನ್ನೂ ಒಂದಿದೆ. ಔಟಾದ ಹುಡುಗ ತಲೆ ತಗ್ಗಿಸಿ ಹಿಂತಿರುಗುವಾಗ ಒಮ್ಮೆ ಕಣ್ಣೆತ್ತಿ ಅಮ್ಮನ ಮುಖ ಹುಡುಕುತ್ತಾನೆ. ಆ ಮುಖದ ಜಾಗದಲ್ಲಿ ಫೋನಿನ ಬೆನ್ನು ಇದ್ದರೆ ಅವನು ಏನನ್ನು ಓದಿಕೊಳ್ಳಬೇಕು?

ಪೂರ್ತಿ ನಿಷೇಧ ಹೇರುವ ಶಾಲೆಗಳ ಕ್ರಮ ನನಗೆ ಒಪ್ಪಿಗೆಯಿಲ್ಲ. ನಿಷೇಧ ಇದ್ದಲ್ಲಿ ಜನ ಕದ್ದು ತೆಗೆಯುತ್ತಾರೆ, ಕದ್ದು ತೆಗೆದದ್ದನ್ನು ಯಾರೂ ಪ್ರಶ್ನಿಸಲಾರರು. ಪ್ರತಿ ಪಂದ್ಯಕ್ಕೂ ಪೋಷಕರಲ್ಲೇ ಒಬ್ಬರೋ ಇಬ್ಬರೋ ಸರದಿಯ ಮೇಲೆ ಎರಡೂ ತಂಡದ ಮಕ್ಕಳನ್ನು ತೆಗೆಯುವ ಹೊಣೆ ಹೊತ್ತರೆ ಉಳಿದವರು ಆಟ ನೋಡಬಹುದು. ಎರಡೂ ತಂಡ ಎಂಬುದು ಇಲ್ಲಿ ಮುಖ್ಯ, ಎದುರಾಳಿ ಮಕ್ಕಳ ಮನೆಗೂ ಈ ಚಿತ್ರಗಳು ಹೋಗುತ್ತವೆ ಎಂದು ಗೊತ್ತಿದ್ದವರು ಅವರ ಸೋಲನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಕೂಟದ ದಿನ ಪಿ.ಟಿ. ಮೇಷ್ಟ್ರು ಸುಣ್ಣದ ಗೆರೆ ಹಾಕುವಾಗ ಕ್ಯಾಮೆರಾ ಹಿಡಿದವರಿಗೂ ಒಂದು ಗೆರೆ ಹಾಕಿಬಿಡಬಹುದು. ಕೊನೆಯ ಆಯ್ಕೆ ಮಾತ್ರ ಮಕ್ಕಳದ್ದೇ ಆಗಬೇಕು. ಆರು ವರ್ಷದ ಮಗು ಅಪ್ಪನನ್ನು ಮೆಚ್ಚಿಸಲು ಎಲ್ಲದಕ್ಕೂ ಹೂಂ ಎನ್ನಬಹುದು, ಹಾಗಾಗಿ ಹಾಕಲಾ ಎಂದು ಕೇಳುವುದಕ್ಕಿಂತ ಫೋನನ್ನೇ ಅದರ ಕೈಗೆ ಕೊಟ್ಟು, ಬೇಡವಾದದ್ದನ್ನು ಅಳಿಸು ಎನ್ನುವುದು ಮೇಲು. ಸಂಜೆ ಊಟಕ್ಕೆ ಮುಂಚೆ ಹತ್ತು ನಿಮಿಷದ ಕೆಲಸ. ಅಪ್ಪ ಮೆಚ್ಚಿದ ಪದಕದ ಚಿತ್ರ ಹೋಗಿ, ಆಟ ಮುಗಿದ ಮೇಲೆ ಎದುರಾಳಿ ತಂಡದ ಹುಡುಗಿಯೂ ತಾನೂ ಒಂದೇ ಬಾಟಲಿಯಿಂದ ಗ್ಲೂಕೋಸ್ ನೀರು ಕುಡಿಯುತ್ತಿರುವ, ಅರ್ಧ ಮಸುಕಾದ ಚಿತ್ರ ಉಳಿಯಬಹುದು. ಆ ಹುಡುಗಿಯನ್ನೂ ಕೇಳಿಯೇ ಕಳಿಸೋಣ ಎಂದು ಮಗುವೇ ಹೇಳಿದರೆ, ಅವಳ ನಂಬರು ಯಾರ ಹತ್ತಿರ ಇದೆ ಎಂದು ಅಪ್ಪ ಅಂದು ರಾತ್ರಿ ವಿಚಾರಿಸಬೇಕಾಗುತ್ತದೆ.