ಮ್ಯಾಟ್ ಎತ್ತಿ ನೋಡಿ ಸ್ವಾಮಿ

ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಆದರೆ ಮಾರುತಿಯ ಓಮ್ನಿ ವ್ಯಾನಿನಲ್ಲಾಗಲಿ ಈಕೊದಲ್ಲಾಗಲಿ ಮುಂದಿನಿಂದ ಎಷ್ಟು ಇಣುಕಿದರೂ ಎಂಜಿನ್ ಕಾಣುವುದಿಲ್ಲ. ಅದು ಕೂತಿರುವುದು ಮುಂದಿನ ಸೀಟುಗಳ ಕೆಳಗೆ. ಮನುಷ್ಯರಿಗೆ ಇದರಿಂದ ಆಗುವ ತೊಂದರೆ ಬೆಚ್ಚಗಿನ ಕುಂಡೆ, ಅಷ್ಟೆ. ನಾಯಿಯ ಸಂಗತಿ ಬೇರೆ. ಅದು ಸೀಟಿನ ಮೇಲೆ ಕೂರುವ ಪ್ರಾಣಿಯಲ್ಲ, ನೆಲದಲ್ಲಿ ಒರಗುವ ಪ್ರಾಣಿ. ಒಂದು ಗಂಟೆ ಓಡಿದ ಮೇಲೆ ವ್ಯಾನಿನ ನೆಲ ಎಲ್ಲಿ ಬಿಸಿಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂಬುದನ್ನು ಅಂಗೈ ಇಟ್ಟು ನೋಡದೆ ನಾಯಿಗಾಗಿ ವ್ಯಾನ್ ಕೊಳ್ಳಬಾರದು.

ನಮ್ಮ ಮನೆಯಲ್ಲಿ ಎರಡು ನಾಯಿಗಳಿವೆ. ಕಾಳ ಒಂಬತ್ತು ವರ್ಷದ ಮುಧೋಳ. ಬೆಳ್ಳಿ ಬೀದಿಯಿಂದ ಬಂದು ಮನೆಯ ಯಜಮಾನಿಕೆ ವಹಿಸಿಕೊಂಡವಳು. ಹಳೆಯ ಸಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಕಾಳ ಎದ್ದು ನಿಂತರೆ ಕನ್ನಡಿಯಲ್ಲಿ ಅವನ ಪಕ್ಕೆಲುಬು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎರಡಡಿಗೂ ಹೆಚ್ಚು ಎತ್ತರದ ನಾಯಿ. ಮೈಮೇಲೆ ಕೊಬ್ಬಿಲ್ಲ, ಕೂದಲೂ ಕಡಿಮೆ, ಮೊಣಕೈಯಲ್ಲಿ ಬರೀ ಎಲುಬು. ಮಡಚಿಕೊಂಡು ಕೂರುವುದು ಅವನಿಗೆ ಹಿಂಸೆ. ವ್ಯಾನ್ ತೆಗೆದುಕೊಳ್ಳೋಣ ಎಂದು ತೀರ್ಮಾನವಾಯಿತು. ನಾಲ್ಕು ಲಕ್ಷ ದಾಟಕೂಡದು ಎಂದು ನನ್ನಾಕೆ ಗೆರೆ ಎಳೆದಳು.

ಮೈಸೂರಿನಲ್ಲಿ ಹುಡುಕಾಟ ಶುರುವಾಗುವುದು ಓಮ್ನಿಯಿಂದಲೇ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದದ್ದು, ನಾಲ್ಕು ವರ್ಷದ ನಂತರ ಓಮ್ನಿ ಎಂಬ ಹೆಸರು ಹೊತ್ತಿತು, 2019ರಲ್ಲಿ ತಯಾರಿಕೆ ನಿಂತಿತು. ಹೂವು, ಹಾಲು, ಶಾಲೆಯ ಮಕ್ಕಳು, ಆಂಬುಲೆನ್ಸಿನ ರೋಗಿ, ಸಿನಿಮಾಗಳಲ್ಲಿ ಅಪಹರಣವಾದ ನಾಯಕಿ, ಎಲ್ಲರನ್ನೂ ಹೊತ್ತ ಗಾಡಿ. 796 ಸಿಸಿಯ ಮೂರು ಸಿಲಿಂಡರಿನ ಆ ಎಂಜಿನ್ ಬಿಚ್ಚಿ ಕಟ್ಟಲು ಬಾರದ ಮೆಕ್ಯಾನಿಕ್ ಕರ್ನಾಟಕದ ಯಾವ ತಾಲ್ಲೂಕಿನಲ್ಲೂ ಸಿಗಲಾರ. ನೆಲ ತಗ್ಗು, ಬಾಗಿಲು ಪಕ್ಕಕ್ಕೆ ಸರಿಯುತ್ತದೆ, ಮುದಿ ನಾಯಿ ಹಾರದೆ ಹತ್ತುತ್ತದೆ. ಇಷ್ಟೆಲ್ಲ ಒಪ್ಪಿದರೂ ನಾನು ಓಮ್ನಿ ಬೇಡವೆಂದೆ. ಮುಂದಿನ ಬಂಪರಿಗೂ ಡ್ರೈವರಿನ ಮೊಣಕಾಲಿಗೂ ನಡುವೆ ಇರುವುದು ಒಂದು ತಗಡು. ಊರಾಚೆಯ ಕೆರೆ ಏರಿಗೆ ಹೋಗಿ ಬರುವವರು ಧಾರಾಳವಾಗಿ ಕೊಳ್ಳಿ. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮೇಲೆ ಬಸ್ಸು ಲಾರಿಗಳ ನಡುವೆ ಅದನ್ನು ಓಡಿಸುವ ಧೈರ್ಯ ನನಗಿಲ್ಲ.

ಹಾಗೆಂದು ಈಕೊ ಕೋಟೆಯೇನಲ್ಲ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನವರು ಏರ್‌ಬ್ಯಾಗ್ ಇಲ್ಲದ ಈಕೊವನ್ನು ಗುದ್ದಿಸಿ ನೋಡಿ ಸೊನ್ನೆ ನಕ್ಷತ್ರ ಕೊಟ್ಟಿದ್ದರು. 2019ರ ನಡುವಿನ ಹೊತ್ತಿಗೆ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಮತ್ತು ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಆದ್ದರಿಂದ ನನ್ನ ಲೆಕ್ಕ ಸರಳ: 2020 ಅಥವಾ ಅದರ ನಂತರದ ಗಾಡಿ, ಐದು ಸೀಟು, ಎಸಿ, ಪೆಟ್ರೋಲ್. ಸಿಎನ್‌ಜಿ ಅಗ್ಗ ಹೌದು. ಆದರೆ ಕಾಳ ಮಲಗಬೇಕಾದ ಜಾಗದಲ್ಲಿ ಸಿಲಿಂಡರ್ ಮಲಗಿರುತ್ತದೆ, ಮೂರು ವರ್ಷಕ್ಕೊಮ್ಮೆ ಅದನ್ನು ಇಳಿಸಿ ಟೆಸ್ಟ್ ಮಾಡಿಸಬೇಕು.

ಕಾರ್ಗೊ ಮಾದರಿಗೆ ಮನಸೋಲುವವರಿದ್ದಾರೆ. ಹಿಂದೆಲ್ಲ ಖಾಲಿ ನೆಲ, ದುಡ್ಡೂ ಕಡಿಮೆ. ಆದರೆ ಹಿಂಭಾಗಕ್ಕೆ ಕಿಟಕಿ ಇಲ್ಲದ ಪೆಟ್ಟಿಗೆಯಲ್ಲಿ ನಾಯಿಯನ್ನು ಕೂರಿಸುವುದೆಂದರೆ ಇಡ್ಲಿ ಪಾತ್ರೆಯಲ್ಲಿ ಕೂರಿಸಿದ ಹಾಗೆ. ಜೊತೆಗೆ ಯೆಲ್ಲೊ ಬೋರ್ಡು, ಎಫ್‌ಸಿ, ಅದರ ಓಡಾಟ. ಬೇಡ.

ಇಲ್ಲಿಗೆ ಕಾಗದದ ಮೇಲಿನ ಆಯ್ಕೆ ಮುಗಿಯಿತು. ಗಾಡಿಯ ಆಯ್ಕೆ ಇನ್ನೂ ಶುರುವಾಗಿರಲಿಲ್ಲ.

ಮೊದಲು ನೋಡಿದ ವ್ಯಾನ್ ಫಳಫಳ ಹೊಳೆಯುತ್ತಿತ್ತು. ಹೂವಿನ ವ್ಯಾಪಾರಕ್ಕೆ ಇಟ್ಟುಕೊಂಡಿದ್ದೆ, ಸಿಂಗಲ್ ಓನರ್ ಎಂದ ಮಾರುವಾತ. ಒಳಗೆಲ್ಲ ಮಲ್ಲಿಗೆಯ ಸ್ಪ್ರೇ. ಬೆಳ್ಳಿಯನ್ನು ಹತ್ತಿಸಿದ್ದೇ ತಡ, ಮೂಗನ್ನು ಹಿಂದಿನ ಮೂಲೆಗೆ ನೆಟ್ಟು ಕೂತಳು. ಎಳೆದರೂ ಇಳಿಯಲೊಲ್ಲಳು. ಜೊತೆಗೆ ಬಂದಿದ್ದ ನಮ್ಮ ಹಳೆಯ ಮೆಕ್ಯಾನಿಕ್ ಬೀಡಿ ಆರಿಸಿ, “ಮ್ಯಾಟ್ ಎತ್ತಿ ನೋಡಿ ಸ್ವಾಮಿ” ಎಂದರು. ಎತ್ತಿದೆವು. ಕೋಳಿಯ ಪುಕ್ಕ ನಾಲ್ಕು, ಅಂಗೈಯಗಲ ತುಕ್ಕು, ತುಕ್ಕಿನ ನಡುವಿನ ತೂತಿನಲ್ಲಿ ಕೆಳಗಿನ ರಸ್ತೆ. ಬ್ರಾಯ್ಲರ್ ಸಾಗಿಸುತ್ತಿದ್ದ ಗಾಡಿ! ನಾಯಿಗಳನ್ನು ಕರೆದೊಯ್ಯುವ ವ್ಯಾನಿನ ನೆಲ ಎಂದೂ ಪೂರ್ತಿ ಒಣಗಿರುವುದಿಲ್ಲ. ಒದ್ದೆ ಮೈ, ಚೆಲ್ಲಿದ ನೀರು, ಒಮ್ಮೊಮ್ಮೆ ವಾಂತಿ, ಉಚ್ಚೆ. ಈಗಾಗಲೇ ಹಿಡಿದಿರುವ ತುಕ್ಕು ಅಲ್ಲಿಗೇ ನಿಲ್ಲುವುದಿಲ್ಲ. ಹೊರಗಿನ ಗೀರು ನೆಗ್ಗುಗಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಬೆಲೆ ಇಳಿಸಲು ಅವು ಒಳ್ಳೆಯ ನೆಪ. ನೆಲದ ತುಕ್ಕಿಗೆ ಮಾತ್ರ ಕ್ಷಮೆಯಿಲ್ಲ. ಕೆಎ 19, 20, 30 ಎಂಬ ನಂಬರಿನ ಗಾಡಿಯಾದರೆ ಬಗ್ಗಿ ಅಡಿಯನ್ನೂ ನೋಡಿ. ಕರಾವಳಿಯ ಉಪ್ಪುಗಾಳಿ ಕಬ್ಬಿಣವನ್ನು ಬಿಡುವುದಿಲ್ಲ.

ಎರಡನೆಯದು ಶಾಲೆಯ ಮಕ್ಕಳನ್ನು ಸುತ್ತಾಡಿಸಿದ ಗಾಡಿ. ಮೀಟರ್ ತೋರಿಸಿದ್ದು ಕಡಿಮೆ ಕಿಲೋಮೀಟರ್. ಗುಟ್ಟು ಹೇಳಿದ್ದು ಬಾಗಿಲು. ದಿನಕ್ಕೆ ನೂರು ಸಲ ತೆಗೆದು ಹಾಕಿದ ಸ್ಲೈಡಿಂಗ್ ಡೋರಿನ ರೋಲರ್ ಸವೆದು, ಎಳೆದರೆ ಕಿರ್ರೆಂದು ಚೀರಿ ಕೊನೆಗೆ ಧಡಾರೆಂದು ಬೀಳುತ್ತಿತ್ತು. ದೀಪಾವಳಿಯ ಪಟಾಕಿಗೇ ಮಂಚದ ಕೆಳಗೆ ಸೇರುವ ಕಾಳ ಆ ಸದ್ದಿಗೆ ಹತ್ತು ಮಾರು ಹಿಂದೆ ಸರಿದ. ಅಂಥ ಗಾಡಿಯ ಕ್ಲಚ್ ಪ್ಲೇಟೂ ಅದೇ ಸ್ಥಿತಿಯಲ್ಲಿರುತ್ತದೆ, ಗೇಟುಗೇಟಿಗೂ ನಿಲ್ಲಿಸಿದ್ದಲ್ಲವೇ. ಬಾಗಿಲನ್ನು ಒಂದೇ ಬೆರಳಿನಿಂದ ಸರಿಸಿ ನೋಡಿ. ಬಾಲ, ಪಂಜ ಸಿಕ್ಕಿಕೊಳ್ಳುವುದು ಅದು ಸರಿಯುವ ಹಳಿಯಲ್ಲೇ. ಇನ್ನೊಂದು: ಬಲಗಡೆಯ ಬಾಗಿಲು ತೆರೆಯುವುದು ಓಡುವ ವಾಹನಗಳ ಕಡೆಗೆ. ನಾವು ಅದನ್ನು ಬಳಸುವುದೇ ಇಲ್ಲ, ಲಾಕ್ ಹಾಕಿಯೇ ಇರುತ್ತದೆ.

ಮೂರನೆಯದು ನಮ್ಮದಾಯಿತು. ಬಟ್ಟೆ ಅಂಗಡಿಯವರ ಮನೆಯ ಗಾಡಿ, ಕೆಎ 09, ವೈಟ್ ಬೋರ್ಡು. ಮೊದಲು ಯೆಲ್ಲೊ ಬೋರ್ಡಾಗಿದ್ದು ಆಮೇಲೆ ಬಿಳಿಯಾದದ್ದೋ ಹೇಗೆ ಎಂದು ಆರ್‌ಸಿಯಲ್ಲಿ ನೋಡಿಕೊಂಡೆವು. ಸಾಲವಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರ್ಮ್ 35, ವರ್ಗಾವಣೆಗೆ 29 ಮತ್ತು 30. ಇದಕ್ಕಿಂತ ಹೆಚ್ಚು ಬರೆದರೆ ಆರ್‌ಟಿಓ ಮುಂದೆ ಕೂರುವ ಏಜೆಂಟರಿಗೆ ಕೆಲಸವಿಲ್ಲದಂತಾಗುತ್ತದೆ. ಸೀಟು ಕಿತ್ತುಹಾಕುವ ಮೊದಲು ಮಾತ್ರ ಅಲ್ಲಿ ವಿಚಾರಿಸಿ. ನಾವು ಕೀಳಲಿಲ್ಲ. ಹಿಂದಿನ ಸೀಟಿನ ಬೆನ್ನಿಗೆ ಬಲೆ ಬಿಗಿದು, ಸಾಮಾನಿನ ಜಾಗಕ್ಕೆ ಎರಡು ಪದರ ರಬ್ಬರ್ ಶೀಟು, ಅದರ ಮೇಲೆ ಹಳೆಯ ಕೌದಿ ಹಾಸಿದೆವು. ಎಂಜಿನ್ನಿನಿಂದ ಅದೇ ಅತಿ ದೂರದ ಮೂಲೆ.

ಆದರೆ ಎಸಿಯ ಗಾಳಿ ಬರುವುದು ಮುಂದಿನ ಡ್ಯಾಶ್‌ಬೋರ್ಡಿನಿಂದ ಮಾತ್ರ. ಹಿಂದಕ್ಕೆ ತಲುಪುವ ಹೊತ್ತಿಗೆ ಅದಕ್ಕೆ ಉಸಿರಿರುವುದಿಲ್ಲ. (ಈಕೊಗೂ ಮೊದಲು ಇದೇ ಮೈಕಟ್ಟಿನಲ್ಲಿ ವರ್ಸಾ ಬಂದಿತ್ತು, ಅಮಿತಾಭ್ ಮತ್ತು ಅಭಿಷೇಕ್ ಜಾಹೀರಾತು ಮಾಡಿದ್ದು. ಹಿಂದಕ್ಕೂ ಎಸಿ ಕೊಟ್ಟಿದ್ದ ಆ ಗಾಡಿಯನ್ನು ನಮ್ಮ ಜನ ಕೊಳ್ಳಲಿಲ್ಲ. ನಾಯಿಗಳ ಮತ ಕೇಳಿದ್ದರೆ ಗೆಲ್ಲುತ್ತಿತ್ತು.) ಸೀಟಿನ ಬೆನ್ನಿಗೆ ಸಿಕ್ಕಿಸಿದ 12 ವೋಲ್ಟಿನ ಪುಟ್ಟ ಫ್ಯಾನು ಸ್ವಲ್ಪ ನೆರವಾಗುತ್ತದೆ. ನಿಂತ ಗಾಡಿಗೆ ಮಾತ್ರ ಯಾವ ಮದ್ದೂ ಇಲ್ಲ. ಹೊರಗೆ 30 ಡಿಗ್ರಿ ಇದ್ದರೆ ಮುಚ್ಚಿದ ಗಾಡಿಯೊಳಗೆ ಹತ್ತೇ ನಿಮಿಷದಲ್ಲಿ 40ರ ಹತ್ತಿರಕ್ಕೆ ಏರುತ್ತದೆ. ನಮ್ಮ ಹಾಗೆ ಮೈತುಂಬ ಬೆವರಲಾರದ ನಾಯಿ ತೇಕಿಯೇ ತಣ್ಣಗಾಗಬೇಕು. ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿದರೆ ಒಬ್ಬರು ಒಳಗೆ, ಒಬ್ಬರು ನಾಯಿಗಳ ಜೊತೆ ಹೊರಗೆ, ನೆರಳಲ್ಲಿ. ಒಬ್ಬರೇ ಹೋಗಿದ್ದರೆ ವಡೆ ಪಾರ್ಸೆಲ್.

ಮೊದಲ ಸವಾರಿ ತಲಕಾಡಿಗೆ. ಬೆಳಿಗ್ಗೆ ಐದೂವರೆಗೆ ಹೊರಟೆವು, ಕಾಳ, ಬೆಳ್ಳಿಗೆ ಹಿಂದಿನ ರಾತ್ರಿಯ ಊಟವೇ ಕೊನೆ. ಹೊರಡುವ ಮುನ್ನ ತಿನ್ನಿಸಿದರೆ ತಿರುವಿನಲ್ಲಿ ಅದು ಹೊರಬರುತ್ತದೆ. ಹೊಳೆಯ ದಂಡೆಯಲ್ಲಿ ಕಾಳ ಒಂಬತ್ತು ವರ್ಷ ಮರೆತು ಓಡಿದ. ಹತ್ತು ಗಂಟೆಯ ಮೇಲೆ ಅಲ್ಲಿನ ಮರಳು ಬಾಣಲೆಯಾಗುತ್ತದೆ, ಅಷ್ಟರಲ್ಲಿ ವಾಪಸು ಗಾಡಿಯಲ್ಲಿದ್ದೆವು. ಬಂಡೀಪುರ, ನಾಗರಹೊಳೆಯ ಕಾಡಿನೊಳಕ್ಕೆ ನಾಯಿಗಳಿಗೆ ಪ್ರವೇಶವಿಲ್ಲ, ಅದು ಸರಿಯಾದ ನಿಯಮವೇ. ಮಲೆನಾಡಿಗೆ ಹೋದರೆ ಮನೆಗೆ ಬಂದೊಡನೆ ಕಿವಿಯ ಹಿಂದೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ. ಉಣ್ಣೆಗಳಿಂದ ಮಂಗನ ಕಾಯಿಲೆ ಹರಡುವ ಸೀಮೆ ಅದು.

ಒಂದೇ ಒಂದು ಸಣ್ಣ ನಾಯಿ ಇರುವವರು ಈ ಬರಹ ಓದಿ ವ್ಯಾನ್ ಕೊಳ್ಳಲು ಹೊರಡಬೇಡಿ; ಇರುವ ಕಾರಿಗೆ ಒಂದು ಹಾರ್ನೆಸ್ ತಂದುಕೊಳ್ಳಿ, ಸಾಕು. ಎರಡು ದೊಡ್ಡ ನಾಯಿ ಇದ್ದವರು ಈಕೊ ನೋಡಿ, ನೋಡಲು ನಾಯಿಗಳನ್ನೂ ಕರೆದುಕೊಂಡು ಹೋಗಿ. ಸವಾರಿಗೆ ಭಾನುವಾರ ಬೇಡ, ಶನಿವಾರ ಇಟ್ಟುಕೊಳ್ಳಿ. ಮಾರನೆಯ ದಿನ ಕೌದಿ, ಮ್ಯಾಟು ತೊಳೆದು ಒಣಗಿಸಲು ಇಡೀ ಹಗಲು ಬೇಕು.