ವಂಶಾವಳಿಗಳಲ್ಲಿ ಹೆಸರಿನ ಪಾಠ

ಮುಂಬಯಿ ಕರ್ನಾಟಕದ ದೇಸಗತಿ, ಗೌಡಿಕೆ, ಕುಲಕರ್ಣಿಕೆಯ ಮನೆತನಗಳ ವಂಶಾವಳಿಗಳನ್ನು ಸಂಪಾದಿಸುವವರು ವಿಚಿತ್ರವಾಗಿ ಕಾಣುವ ಹೆಸರುಗಳನ್ನು ಲಿಪಿಕಾರನ ಪ್ರಮಾದವೆಂದು ತಿದ್ದಿಬಿಡುವುದುಂಟು. ಎಷ್ಟೋ ಸಲ ಈ ತಿದ್ದುಪಡಿಯೇ ಹೊಸ ಪ್ರಮಾದಕ್ಕೆ ಕಾರಣವಾಗುತ್ತದೆ. ದಾಖಲೆಯ ಹೆಸರು ಮನೆತನದ ಉಚ್ಚಾರಣೆಗಿಂತ ಹೆಚ್ಚಾಗಿ ಅದನ್ನು ಬರೆದ ಲಿಪಿಯ ಮಿತಿಯನ್ನು ಹೇಳುತ್ತಿರಬಹುದು.

ಪೇಶ್ವೆಯರ ಕಾಲದ ಕಾಗದಪತ್ರಗಳ ಲಿಪಿ ಮೋಡಿ. ಅದರಲ್ಲಿ ಎ-ಏ, ಒ-ಓ ಭೇದವಿಲ್ಲ; ಇ-ಈ, ಉ-ಊಗಳಿಗೂ ಸಾಮಾನ್ಯವಾಗಿ ಒಂದೊಂದೇ ಚಿಹ್ನೆ. ಅಲ್ಲಿಂದ ದೇವನಾಗರಿಗೆ, ಮರಳಿ ಕನ್ನಡಕ್ಕೆ ಬರುವಾಗ ಬೆಟಗೇರಿ ‘ಬೇಟಗೇರಿ’ಯಾಗುತ್ತದೆ, ಹೊಸಮನಿ ‘ಹೋಸಮನಿ’ಯಾಗುತ್ತದೆ. ಇವನ್ನು ಯಾವ ಕನ್ನಡಿಗನೂ ಸರಿಪಡಿಸಬಲ್ಲ. ಎರಡೂ ರೂಪಗಳಿಗೆ ಅರ್ಥವಿರುವಲ್ಲಿ ಮಾತ್ರ ತೊಡಕು. ಕೆರೆಯನ್ನು ಕೆರಿ ಎನ್ನುವ ಧಾರವಾಡ ಸೀಮೆಯಲ್ಲಿ ‘ಕೇರಿಮನಿ’ ಎಂದು ಓದಿದ್ದು ಕೇರಿಯ ಮನೆಯೋ ಕೆರೆಯ ಬದಿಯ ಮನೆಯೋ ಎಂಬುದನ್ನು ಲಿಪಿ ಹೇಳಲಾರದು. ಆ ಊರಿನ ನೆಲವನ್ನೇ ಕೇಳಬೇಕು.

ಇದಕ್ಕಿಂತ ಗಂಭೀರವಾದುದು ಸ್ತ್ರೀನಾಮಗಳ ಪ್ರಶ್ನೆ. ಬಸವ್ವ ಎಂಬಲ್ಲಿ ದ್ವಿತ್ವ ಜಾರಿದರೆ ಉಳಿಯುವುದು ಬಸವ. ದತ್ತು ತೆಗೆದುಕೊಂಡ ವಿಧವೆಯೊಬ್ಬಳು ಹೀಗೆ ಗಂಡಸಾದರೆ ತನ್ನ ಗಂಡನಿಗೇ ಮಗನಾಗುತ್ತಾಳೆ, ದತ್ತುಪುತ್ರ ಮೊಮ್ಮಗನಾಗುತ್ತಾನೆ, ವಂಶವೃಕ್ಷದಲ್ಲಿ ಇಲ್ಲದ ತಲೆಮಾರೊಂದು ಹುಟ್ಟಿಕೊಳ್ಳುತ್ತದೆ. ದತ್ತಕದ ಪ್ರಶ್ನೆ ಈ ಸೀಮೆಯಲ್ಲಿ ಎಷ್ಟು ದೊಡ್ಡದಾಗಿತ್ತೆಂಬುದಕ್ಕೆ 1824ರ ಕಿತ್ತೂರೇ ಸಾಕ್ಷಿ. 1852ರ 11ನೆಯ ಕಾಯಿದೆಯನ್ವಯ ಇನಾಮು ಹಕ್ಕುಗಳ ಪರಿಶೀಲನೆ ನಡೆದಾಗ ವಂಶಾವಳಿಗಳು ಆಸ್ತಿಯ ಆಧಾರಗಳೂ ಆಗಿದ್ದವು. ಇಂಥಲ್ಲಿ ಹೆಸರಿಗಿಂತ ಅದರ ಮಗ್ಗುಲಿನ ಪುಟ್ಟ ಪದವನ್ನು ನೆಚ್ಚುವುದು ಲೇಸು: ‘ಬಿನ್’ ಎಂದಿದ್ದರೆ ಮಗ, ‘ಕೋಂ’ ಎಂದಿದ್ದರೆ ಹೆಂಡತಿ. ಸಂಪಾದಕರು ಅನಗತ್ಯವೆಂದು ಮೊದಲು ಕೈಬಿಡುವುದು ಈ ಪದಗಳನ್ನೇ ಎಂಬುದು ವಿಷಾದಕರ.

ಇಂಗ್ಲಿಷ್ ದಾಖಲೆಗಳ ತೊಡಕು ಬೇರೆ ಬಗೆಯದು. ಹಳೆಯ ಪದ್ಧತಿಯಲ್ಲಿ ಹ್ರಸ್ವ ಅಕಾರಕ್ಕೆ ‘ಯು’ ಅಕ್ಷರವನ್ನು ಬರೆಯುತ್ತಿದ್ದರು. ಪಂಜಾಬ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಇದನ್ನರಿಯದವರ ಕೈಯಲ್ಲಿ ಮಲ್ಲಪ್ಪ ಮುಲ್ಲಪ್ಪನಾಗಿ, ಮುಲ್ಲಾ ಪದದೊಡನೆ ಸಂಬಂಧ ಕಲ್ಪಿಸುವ ಊಹೆಗೂ ಎಡೆಯಾಗುತ್ತದೆ.

ಹಾಗೆಂದು ಎಲ್ಲವೂ ಲಿಪಿಯ ದೋಷವಲ್ಲ. ಕನ್ನಡ ಕಡತಗಳ ‘ಯೆಲ್ಲಪ್ಪ’, ‘ಸಿವಪ್ಪ’ಗಳಲ್ಲಿ ಕೇಳಿಸುವುದು ಮನೆಮಾತಿನ ದನಿ. ಅವನ್ನು ಎಲ್ಲಪ್ಪ, ಶಿವಪ್ಪ ಎಂದು ಸಂಸ್ಕರಿಸಿ ಅಚ್ಚು ಹಾಕಿದರೆ ಭಾಷಾಚರಿತ್ರೆಗೆ ನಷ್ಟ. ಮೂಲಪಾಠವನ್ನು ಇದ್ದಂತೆಯೇ ಕೊಟ್ಟು, ಲಿಪಿ ಯಾವುದೆಂದು ನಮೂದಿಸಿ, ಸಂಪಾದಕರ ಓದನ್ನು ಅಡಿಯಲ್ಲಿ ಬೇರೆಯಾಗಿ ಇಡಲು ಪುಟಕ್ಕೆ ನಾಲ್ಕು ಸಾಲು ಹೆಚ್ಚು ಬೇಕಾದೀತು.