ಪೂರ್ವರಂಗದಲ್ಲೇ ಮುಗಿಯುವ ಆಟ

ಚಾಂಪಿಯನ್ಸ್ ಲೀಗ್ ಶುರುವಾಗುವುದು ಸೆಪ್ಟೆಂಬರಿನಲ್ಲಿ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ನಿಜಕ್ಕೂ ಅದು ಶುರುವಾಗುವುದು ಜುಲೈ ತಿಂಗಳಲ್ಲಿ, ಅಂಡೋರಾ, ಜಿಬ್ರಾಲ್ಟರ್, ಸ್ಯಾನ್ ಮರಿನೊ, ಫ್ಯಾರೋ ದ್ವೀಪಗಳಂಥ ಪುಟ್ಟ ನಾಡುಗಳ ಚಾಂಪಿಯನ್ ತಂಡಗಳು ಆಡುವ ಅರ್ಹತಾ ಸುತ್ತುಗಳಲ್ಲಿ. ಆಗಸ್ಟ್ ಕೊನೆಗೆ ಈ ಸುತ್ತುಗಳು ಮುಗಿಯುತ್ತವೆ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾಗಳು ಮೈದಾನಕ್ಕಿಳಿಯುವ ಹೊತ್ತಿಗೆ ಈ ತಂಡಗಳಲ್ಲಿ ಬಹುಪಾಲು ಮನೆಗೆ ಮರಳಿರುತ್ತವೆ. ನಾಟಕದ ಪರಿಭಾಷೆಯಲ್ಲಿ ಇದು ಪೂರ್ವರಂಗ. ಪ್ರೇಕ್ಷಕರು ಇನ್ನೂ ಬಂದು ಕೂರುತ್ತಿರುವ ಹೊತ್ತು.

ನನ್ನ ಆಸಕ್ತಿ ಇರುವುದು ಈ ಪಂದ್ಯಗಳನ್ನು ನಾವು ಹೇಗೆ ಕಥೆಯಾಗಿಸುತ್ತೇವೆ ಎಂಬುದರಲ್ಲಿ. ವರ್ಷವರ್ಷವೂ ಬರುವ ವರದಿಗಳಿಗೆ ಒಂದೇ ಅಚ್ಚು: ಚಿಕ್ಕವನು ದೊಡ್ಡವನನ್ನು ಕೆಡವಿದ. ದಾವೀದ ಮತ್ತು ಗೋಲಿಯಾತರ ಈ ಅಚ್ಚು ಚಿಕ್ಕವರ ಪರವಾಗಿರುವಂತೆ ಕಾಣುತ್ತದೆ. ಆದರೆ ಅದು ಅವರಿಗೆ ಕೊಡುವುದಕ್ಕಿಂತ ಅವರಿಂದ ಕಿತ್ತುಕೊಳ್ಳುವುದೇ ಹೆಚ್ಚು ಎಂಬುದು ನನ್ನ ತಕರಾರು.

ಮೊದಲ ಉದಾಹರಣೆ 2016ರ ಜುಲೈ 12ರದ್ದು. ಜಿಬ್ರಾಲ್ಟರಿನ ಲಿಂಕನ್ ರೆಡ್ ಇಂಪ್ಸ್ ತಂಡ ವಿಮಾನ ನಿಲ್ದಾಣದ ರನ್‌ವೇ ಪಕ್ಕದ ತನ್ನ ಮೈದಾನದಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್ ತಂಡವನ್ನು 1-0ಯಿಂದ ಸೋಲಿಸಿತು. ಸೆಲ್ಟಿಕ್ 1967ರಲ್ಲಿ ಯುರೋಪಿನ ಚಾಂಪಿಯನ್ ಆಗಿದ್ದ ತಂಡ. ಗೋಲು ಹೊಡೆದವರು ಲೀ ಕಾಸಿಯಾರೊ. ಅವರು ವೃತ್ತಿಯಲ್ಲಿ ಪೊಲೀಸ್. ಅಷ್ಟು ಸಾಕಾಯಿತು, 'ಸೆಲ್ಟಿಕ್ ಅನ್ನು ಮಣಿಸಿದ ಪೊಲೀಸ್' ಎಂಬ ಕಥೆ ಊರೂರು ಸುತ್ತಿತು. ಆ ಕಥೆಯಲ್ಲಿ ಬಿಟ್ಟುಹೋಗುವ ಒಂದು ಸಂಗತಿಯಿದೆ. 2015ರ ಮಾರ್ಚಿನಲ್ಲಿ ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ವಿರುದ್ಧ ಜಿಬ್ರಾಲ್ಟರ್ ದೇಶದ ಪರ ಸ್ಪರ್ಧಾತ್ಮಕ ಪಂದ್ಯಗಳ ಮೊಟ್ಟಮೊದಲ ಗೋಲು ಹೊಡೆದವರೂ ಇದೇ ಕಾಸಿಯಾರೊ. ಅಂದರೆ ಅವರಿಗೆ ಆಟಗಾರನಾಗಿಯೇ ಒಂದು ಚರಿತ್ರೆ ಇತ್ತು. ಹಗಲಿನ ಕೆಲಸವನ್ನು ಹೆಸರಿಗಿಂತ ಮುಂದೆ ನಿಲ್ಲಿಸಿದ ಕೂಡಲೇ ಆ ಚರಿತ್ರೆ ಅಳಿಸಿಹೋಗಿ, ಗೋಲು ಒಂದು ಆಕಸ್ಮಿಕವಾಗಿಬಿಡುತ್ತದೆ. ವಾರದ ನಂತರ ಗ್ಲಾಸ್ಗೋದಲ್ಲಿ ಸೆಲ್ಟಿಕ್ 3-0ಯಿಂದ ಗೆದ್ದು ಮುಂದೆ ಸಾಗಿತು. ಕಥೆ ಹೇಳುವವರಿಗೆ ಆ ಎರಡನೆಯ ಪಂದ್ಯ ಬೇಕಾಗಿರಲಿಲ್ಲ. ಲಿಂಕನ್ ತಂಡಕ್ಕೆ ಮಾತ್ರ ಅದನ್ನೂ ಆಡಲೇಬೇಕಿತ್ತು.

ಪವಾಡ ಎಂಬ ಪದಕ್ಕೂ ಇದೇ ಗುಣ. 2023ರ ಜುಲೈನಲ್ಲಿ ಫ್ಯಾರೋ ದ್ವೀಪಗಳ ಕೆಐ ಕ್ಲಾಕ್ಸ್‌ವಿಕ್ ಹಂಗೇರಿಯ ಫೆರೆನ್ಸ್‌ವಾರೋಶ್ ತಂಡವನ್ನು ಬುಡಾಪೆಸ್ಟಿನಲ್ಲೇ 3-0ಯಿಂದ ಮಣಿಸಿತು. ಕ್ಲಾಕ್ಸ್‌ವಿಕ್ ಸುಮಾರು ಐದು ಸಾವಿರ ಜನರ ಊರು. ಸೋತ ತಂಡದ ಕೋಚ್ ಕೆಲಸ ಕಳೆದುಕೊಂಡರು. ಎಲ್ಲರೂ ಪವಾಡ ಎಂದರು. ಆದರೆ ಫ್ಯಾರೋದಲ್ಲಿ ಲೀಗ್ ನಡೆಯುವುದು ವಸಂತದಿಂದ ಶರತ್ಕಾಲದವರೆಗೆ; ಜುಲೈ ಎಂದರೆ ಅವರ ಋತುವಿನ ನಡುಮಧ್ಯ. ಹಂಗೇರಿಯ ಲೀಗ್ ಆಗಿನ್ನೂ ಆರಂಭವೇ ಆಗಿರಲಿಲ್ಲ. ಒಂದು ತಂಡ ಕಾದ ಕಬ್ಬಿಣ, ಇನ್ನೊಂದು ಆಗಷ್ಟೇ ಕುಲುಮೆಗೆ ಬಂದದ್ದು. ಈ ಕಾರಣ ತಿಳಿದರೆ ಗೆಲುವು ಸಣ್ಣದಾಗುವುದಿಲ್ಲ. ಅದರ ಹಿಂದಿನ ತಯಾರಿ ಕಣ್ಣಿಗೆ ಬೀಳುತ್ತದೆ. ಕ್ಲಾಕ್ಸ್‌ವಿಕ್ ಮುಂದಿನ ಸುತ್ತಿನಲ್ಲಿ ಸ್ವೀಡನ್ನಿನ ಹೆಕೆನ್ ತಂಡವನ್ನು ಪೆನಾಲ್ಟಿಗಳಲ್ಲಿ ಗೆದ್ದಿತು. ಬಳಿಕ ನಾರ್ವೆಯ ಮೊಲ್ಡೆಗೂ ಆಮೇಲೆ ಶೆರಿಫ್ ತಿರಾಸ್ಪೋಲ್‌ಗೂ ಸೋತಿತು. ಸೋತವರು ಒಂದು ಮೆಟ್ಟಿಲು ಕೆಳಗಿನ ಟೂರ್ನಿಗೆ ಇಳಿಯುವ ವ್ಯವಸ್ಥೆ ಇರುವುದರಿಂದ, ಎರಡು ಬಾರಿ ಸೋತೂ ಅದು ಕಾನ್ಫರೆನ್ಸ್ ಲೀಗಿನ ಗುಂಪು ಹಂತ ತಲುಪಿತು. ಅಲ್ಲಿಗೆ ತಲುಪಿದ ಮೊದಲ ಫ್ಯಾರೋ ತಂಡ ಅದು. ಗೆಲುವು, ಸೋಲು ಎಂಬ ಎರಡೇ ಖಾನೆಗಳಿರುವ ಅಚ್ಚಿನಲ್ಲಿ ಈ ಕಥೆ ಹಿಡಿಸುವುದಿಲ್ಲ.

ಇನ್ನು 'ಚಿಕ್ಕ' ಎಂಬ ಮಾತು. 2014ರ ಆಗಸ್ಟಿನಲ್ಲಿ ಬಲ್ಗೇರಿಯದ ಲುದೊಗೊರೆತ್ಸ್ ತಂಡದ ಗೋಲ್‌ಕೀಪರ್ ಸ್ಟೆಯೌವಾ ಬುಖಾರೆಸ್ಟ್ ವಿರುದ್ಧದ ಪಂದ್ಯದ ಹೆಚ್ಚುವರಿ ಸಮಯದ ಕೊನೆಯಲ್ಲಿ ಕೆಂಪು ಕಾರ್ಡ್ ಪಡೆದು ಹೊರನಡೆದ. ಬದಲಿ ಆಟಗಾರರ ಅವಕಾಶ ಮುಗಿದಿತ್ತು. ಡಿಫೆಂಡರ್ ಕೊಸ್ಮಿನ್ ಮೊತ್ಸಿ ಕೈಗವಸು ತೊಟ್ಟರು. ಶೂಟೌಟಿನಲ್ಲಿ ಮೊದಲ ಪೆನಾಲ್ಟಿಯನ್ನು ತಾವೇ ಹೊಡೆದು, ಎದುರಾಳಿಗಳ ಎರಡು ಪೆನಾಲ್ಟಿಗಳನ್ನು ತಡೆದರು. ರಾಜ್‌ಗ್ರಾದ್ ಎಂಬ ಸಣ್ಣ ಊರಿನ ತಂಡ ಚಾಂಪಿಯನ್ಸ್ ಲೀಗ್ ಸೇರಿತು. ಇದಕ್ಕಿಂತ ಒಳ್ಳೆಯ ಕಥೆ ಬೇಕೆ? ಆದರೆ ಅದೇ ಲುದೊಗೊರೆತ್ಸ್ 2012ರಿಂದ 2025ರವರೆಗೆ ಬಲ್ಗೇರಿಯದ ಲೀಗ್ ಪ್ರಶಸ್ತಿಯನ್ನು ಒಂದು ವರ್ಷವೂ ಬಿಡದೆ ಗೆದ್ದಿದೆ. 2021ರಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಅದರ ಅಂಗಳದಲ್ಲೇ 2-1ರಿಂದ ಸೋಲಿಸಿದ ಶೆರಿಫ್ ತಿರಾಸ್ಪೋಲ್ ಕೂಡ ಹೀಗೆಯೇ. ಟ್ರಾನ್ಸ್‌ನಿಸ್ಟ್ರಿಯಾದ ವ್ಯಾಪಾರವನ್ನೆಲ್ಲ ಮುಷ್ಟಿಯಲ್ಲಿಟ್ಟುಕೊಂಡ ಕಂಪನಿಯ ಹೆಸರನ್ನೇ ಹೊತ್ತ ತಂಡ ಅದು. ಹೊರಗೆ ದಾವೀದ, ಮನೆಯೊಳಗೆ ಗೋಲಿಯಾತ. ಯುರೋಪಿನ ಒಂದು ಋತು ತಂದುಕೊಡುವ ಹಣ ತವರಿನ ಲೀಗಿನಲ್ಲಿ ಉಳಿದವರನ್ನು ಇನ್ನಷ್ಟು ಹಿಂದೆ ತಳ್ಳುತ್ತದೆ. ಅವರ ಕಥೆಯನ್ನು ಬರೆಯುವವರು ಕಡಿಮೆ.

ನನಗೆ ಈ ಪ್ರಕಾರದ ಅತ್ಯುತ್ತಮ ಕೃತಿಯಾಗಿ ಕಾಣುವುದು ದೈತ್ಯರೇ ಇಲ್ಲದ ಒಂದು ಪಂದ್ಯ. 2014ರ ಜುಲೈ, ಅರ್ಮೇನಿಯದ ಯೆರೆವಾನ್. ಅಂಡೋರಾದ ಸಾಂತಾ ಕೊಲೊಮಾ ಮೊದಲ ಪಂದ್ಯವನ್ನು 1-0ಯಿಂದ ಗೆದ್ದಿತ್ತು. ಎರಡನೆಯದರಲ್ಲಿ ಬನಾಂತ್ಸ್ ತಂಡ 3-1ರಿಂದ ಮುಂದಿತ್ತು. 94ನೇ ನಿಮಿಷದಲ್ಲಿ ಗೋಲ್‌ಕೀಪರ್ ಎಲೊಯ್ ಕಸಾಲ್ಸ್ ತನ್ನ ಗೋಲನ್ನು ಖಾಲಿ ಬಿಟ್ಟು ಮುಂದೆ ಬಂದು ಗೋಲು ಹೊಡೆದರು. ಒಟ್ಟು ಲೆಕ್ಕ 3-3. ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆಯಿದ್ದ ಕಾಲವಾದ್ದರಿಂದ ಸಾಂತಾ ಕೊಲೊಮಾ ಮುಂದಿನ ಸುತ್ತಿಗೆ ಹೋಯಿತು. ಚಾಂಪಿಯನ್ಸ್ ಲೀಗಿನಲ್ಲಿ ಅಂಡೋರಾದ ತಂಡವೊಂದು ಸುತ್ತು ದಾಟಿದ್ದು ಅದೇ ಮೊದಲು. ಆ ನಿಯಮವನ್ನು 2021ರಲ್ಲಿ ಕೈಬಿಡಲಾಯಿತು. ಇಂದು ಅದೇ ಗೋಲು ಕೇವಲ ಅರ್ಧ ಗಂಟೆಯ ಹೆಚ್ಚುವರಿ ಆಟವನ್ನು ತಂದುಕೊಡುತ್ತಿತ್ತು. ಛಂದಸ್ಸು ಬದಲಾದರೆ ಅದೇ ಸಾಲಿನ ಅರ್ಥವೂ ಬದಲಾಗುತ್ತದೆ ಎಂದು ವಿದ್ಯಾರ್ಥಿಗಳಿಗೆ ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

2022ರಲ್ಲಿ ಸ್ಯಾನ್ ಮರಿನೊದ ಟ್ರೆ ಫಿಯೊರಿ ತಂಡ ಲಕ್ಸೆಂಬರ್ಗಿನ ಫೋಲಾ ಎಶ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿ, ಯುರೋಪಿನಲ್ಲಿ ಒಂದು ಸುತ್ತು ದಾಟಿತು. ಆ ಪಂದ್ಯದಲ್ಲಿ ಬಿದ್ದ ದೈತ್ಯರಿಲ್ಲ, ಆದ್ದರಿಂದ ಸುದ್ದಿಯೂ ಹೆಚ್ಚಾಗಲಿಲ್ಲ. ಚಿಕ್ಕವರನ್ನು ಚಿಕ್ಕವರ ಎದುರಿಗಿಟ್ಟು, ಅವರ ಆಟವನ್ನು ಅದರದ್ದೇ ಅಳತೆಯಲ್ಲಿ ನೋಡುವ ಬರವಣಿಗೆ ನಮಗೆ ಬೇಕು. ಜುಲೈನಲ್ಲಿ ಆಡುವವರಿಗೆ ಅದು ಪೂರ್ವರಂಗವಲ್ಲ. ಅವರ ವರ್ಷದ ಪೂರ್ತಿ ನಾಟಕವೇ ಅದು.